ಮೇಲಿನ ಸಾಲಿನಲ್ಲಿ ಯಾರ ಹೆಸರಿದೆ?

ಹಾಸನದಿಂದ ಬೇಲೂರಿನ ಕಡೆಗೆ ಹೊರಟರೆ ಸಾಮ್ರಾಜ್ಯಗಳಿಗೇನೂ ಬರವಿಲ್ಲ. ಟೂರ್ ಬಸ್ಸಿನ ಮೈಕಿನಲ್ಲಿ ಹೊಯ್ಸಳ ಸಾಮ್ರಾಜ್ಯ, ಶಾಲಾಮಕ್ಕಳ ಪ್ರಬಂಧದಲ್ಲಿ ಹೊಯ್ಸಳ ಸಾಮ್ರಾಜ್ಯ, ಹೋಂಸ್ಟೇ ಜಾಹೀರಾತಿನಲ್ಲೂ ಅದೇ. ಚಿಕ್ಕಮಗಳೂರು ದಾಟಿದರೆ ಕಾಫಿ ಸಾಮ್ರಾಜ್ಯ. ಪೇಪರು ಬಿಡಿಸಿದರೆ ಗಣಿ ಸಾಮ್ರಾಜ್ಯ, ರಿಯಲ್ ಎಸ್ಟೇಟ್ ಸಾಮ್ರಾಜ್ಯ, ಭೂಗತ ಸಾಮ್ರಾಜ್ಯ. ತುಂಬಾ ದೊಡ್ಡದು ಅನ್ನುವುದನ್ನು ಬಿಟ್ಟರೆ ಆ ಪದದಲ್ಲಿ ಈಗ ಬೇರೇನೂ ಉಳಿದಂತೆ ಕಾಣುವುದಿಲ್ಲ. ಆದರೆ ಅದೇ ಬೇಲೂರು, ಹಳೇಬೀಡಿನ ಕಲ್ಲುಗಳನ್ನು ಓದಲು ಕೂತರೆ ಕಿರಿಕಿರಿ ಶುರುವಾಗುತ್ತದೆ. ತಲಕಾಡು ಗೆದ್ದು ಬಂದು 1117ರಲ್ಲಿ ಬೇಲೂರಿನ ದೇವಾಲಯವನ್ನು ಕಟ್ಟಿಸಿದ ವಿಷ್ಣುವರ್ಧನನ ಹೆಸರಿನ ಮುಂದೆ ನಿಂತಿರುವ ಪದವಿ ಮಹಾಮಂಡಳೇಶ್ವರ. ಆ ಕಾಲದ ಲೆಕ್ಕದಲ್ಲಿ ಅದು ಸಾರ್ವಭೌಮನ ಪದವಿಯಲ್ಲ, ಸಾರ್ವಭೌಮನ ಕೆಳಗಿನವನದು. ಬಸ್ಸಿನ ಮೈಕು ಅವನನ್ನು ಚಕ್ರವರ್ತಿ ಅನ್ನುತ್ತದೆ, ಅವನದೇ ಕಲ್ಲು ಅನ್ನುವುದಿಲ್ಲ. ಮೈಕಿನದು ಅತಿಶಯೋಕ್ತಿ ಎಂದು ತಳ್ಳಿಹಾಕುವುದು ಸುಲಭ. ತಳ್ಳಿಹಾಕದೆ ನೋಡಿದರೆ, ಸಾಮ್ರಾಜ್ಯ, ಎಂಪೈರ್ ಎಂದು ನಾವು ಕರೆಯುವ ವಸ್ತು ಮೊದಲಿಗೆ ವಿಸ್ತೀರ್ಣಕ್ಕೆ ಸಂಬಂಧಪಟ್ಟದ್ದೇ ಅಲ್ಲ ಅನ್ನುವುದು ಇದೇ ಎರಡು ಜಿಲ್ಲೆಯ ಕಲ್ಲುಗಳಿಂದ ಗೊತ್ತಾಗುತ್ತದೆ.

ಇರೆ, ಇರೆ, ಇರೆ

12ನೇ ಶತಮಾನದ ಒಂದು ದೊಡ್ಡ ದಾನಶಾಸನ ಹೀಗಿರುತ್ತದೆ. ತುದಿಯಲ್ಲಿ ಕಮಾನಿನಂಥ ಪಟ್ಟಿ, ಅದರಲ್ಲಿ ಲಿಂಗವೋ ಜಿನನೋ, ಪಕ್ಕದಲ್ಲಿ ಹಸು ಕರು, ಮೇಲೆ ಸೂರ್ಯ ಚಂದ್ರ. ಅದರ ಕೆಳಗೆ ಶಿವಾಲಯದ್ದಾದರೆ ‘ನಮಸ್ತುಂಗಶಿರಶ್ಚುಂಬಿ’, ಬಸದಿಯದ್ದಾದರೆ ‘ಶ್ರೀಮತ್ಪರಮಗಂಭೀರ’. ಅಲ್ಲಿಂದ ಮುಂದೆ ‘ಸ್ವಸ್ತಿ’ ಬಂತೆಂದರೆ ರಾಜಕೀಯ ಶುರುವಾಯಿತು ಅಂತಲೇ ಲೆಕ್ಕ. ಮೇಲೊಬ್ಬ ಒಡೆಯನಿದ್ದರೆ ಮೊದಲು ಅವನ ಸಾಲು ಬರುತ್ತದೆ: ‘ಸಮಸ್ತಭುವನಾಶ್ರಯ ಶ್ರೀಪೃಥ್ವೀವಲ್ಲಭ ಮಹಾರಾಜಾಧಿರಾಜ ಪರಮೇಶ್ವರ ಪರಮಭಟ್ಟಾರಕ ಸತ್ಯಾಶ್ರಯಕುಳತಿಳಕ ಚಾಳುಕ್ಯಾಭರಣ ಶ್ರೀಮತ್ ತ್ರಿಭುವನಮಲ್ಲದೇವರ ವಿಜಯರಾಜ್ಯ’ ಸೂರ್ಯಚಂದ್ರರಿರುವ ತನಕ ‘ಸಲುತ್ತಮಿರೆ’. ಈತ ಕಲ್ಯಾಣದ ಚಾಳುಕ್ಯ ದೊರೆ ಆರನೇ ವಿಕ್ರಮಾದಿತ್ಯ. ಆಮೇಲೆ ಇಡೀ ಶಾಸನದ ಕೀಲಿನಂಥ ಒಂದು ಪದ: ‘ತತ್ಪಾದಪದ್ಮೋಪಜೀವಿ’. ಆ ಪಾದಕಮಲವನ್ನು ನೆಚ್ಚಿ ಬದುಕುವವನು. ಇದರ ಹಿಂದೆ ಬರುವವನು ಎಂಥ ಶೂರನೇ ಆಗಿರಲಿ, ಎರಡನೆಯವನು. ಅವನ ಬಿರುದು ಅಲ್ಲಿಂದ ಶುರು: ‘ಸಮಧಿಗತಪಂಚಮಹಾಶಬ್ದ ಮಹಾಮಂಡಳೇಶ್ವರ ದ್ವಾರಾವತೀಪುರವರಾಧೀಶ್ವರ ಯಾದವಕುಳಾಂಬರದ್ಯುಮಣಿ ಸಮ್ಯಕ್ತ್ವಚೂಡಾಮಣಿ ಮಲೆಪರೊಳ್ಗಂಡ’, ಗೆದ್ದ ನಾಡುಗಳ ಪಟ್ಟಿ, ಕೊನೆಗೆ ದೋರಸಮುದ್ರದ (ಇಂದಿನ ಹಳೇಬೀಡಿನ) ನೆಲೆವೀಡಿನಲ್ಲಿ ‘ಸುಖಸಂಕಥಾವಿನೋದದಿಂ ರಾಜ್ಯಂಗೆಯ್ಯುತ್ತಮಿರೆ’. (ವರ್ಷವಿಡೀ ಯುದ್ಧ ಮಾಡಿಕೊಂಡಿದ್ದವರೆಲ್ಲ ಕಲ್ಲಿನಲ್ಲಿ ಮಾತ್ರ ಒಳ್ಳೊಳ್ಳೆಯ ಕತೆ ಹೇಳಿಕೊಂಡು ಹಾಯಾಗಿ ರಾಜ್ಯವಾಳುತ್ತಾರೆ.) ಅಷ್ಟಕ್ಕೂ ಮುಗಿಯುವುದಿಲ್ಲ. ಮತ್ತೊಂದು ‘ತತ್ಪಾದಪದ್ಮೋಪಜೀವಿ’ ಬಂದು ದಂಡನಾಯಕ ಇಳಿಯುತ್ತಾನೆ, ಅವನ ಕೆಳಗೆ ನಾಡಿನ ಪ್ರಭುಗಾವುಂಡ, ಆಮೇಲೆ ಶಕವರ್ಷ, ಸಂವತ್ಸರ, ತಿಥಿ, ದಾನದ ಗದ್ದೆಯ ಎಲ್ಲೆ, ಕಡೆಗೆ ಕವಿಲೆಯನ್ನು (ಹಸುವನ್ನು) ಕೊಂದ ಪಾಪದ ಶಾಪ.

ಈ ಮೆಟ್ಟಿಲುಗಳನ್ನು ಕಟ್ಟಿರುವುದು ಒಂದೇ ವ್ಯಾಕರಣದಿಂದ: ಸಲುತ್ತಮಿರೆ, ರಾಜ್ಯಂಗೆಯ್ಯುತ್ತಮಿರೆ, ಇರೆ. ಹಳಗನ್ನಡ ಓದಿದವರಿಗೆ ಸತಿಸಪ್ತಮಿ ಅಂದರೆ ಸಾಕು. ಅವನು ಹಾಗೆ ಇರಲಾಗಿ, ಇವನು ಹೀಗೆ ಇರಲಾಗಿ, ಇಂಥವನು ಈ ಗದ್ದೆ ಬಿಟ್ಟ. ಕೆಳಗಿನವನ ಕೆಲಸವೆಲ್ಲ ಮೇಲಿನವನ ಕಾಲದೊಳಗೆ ನಡೆಯುತ್ತದೆ. ಈ ವಾಕ್ಯರಚನೆ ಚಾಳುಕ್ಯರ ಆಸ್ಥಾನದಲ್ಲಿ ಹುಟ್ಟಿದ್ದಲ್ಲ. ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ಸಿಕ್ಕಿದ, ಸುಮಾರು 450ರ ಶಾಸನವನ್ನೇ ತೆಗೆಯಿರಿ. ಅಲ್ಲಿರುವುದು ‘ಕಕುಸ್ಥಭಟ್ಟೋರನಾಳೆ ನರಿದಾವಿಳೆನಾಡುಳ್’. ಕಕುಸ್ಥ ಆಳೆ, ನಾಡೊಳಗೆ. ನಮಗೆ ಗೊತ್ತಿರುವ ಕನ್ನಡದ ಮೊದಮೊದಲ ವಾಕ್ಯಗಳಲ್ಲೇ ಒಬ್ಬ ಕದಂಬ ಆಳುತ್ತಿದ್ದಾನೆ, ಅವನು ಆಳುವಾಗ ಅವನ ಕೆಳಗಿನವರು ಕಾದಾಡಿ ವಿಜಅರಸನಿಗೆ ಹಳ್ಳಿಗಳನ್ನು ಬಾಳ್ಗಳ್ಚಾಗಿ (ಶೌರ್ಯಕ್ಕೆ ಮೆಚ್ಚಿ ಬಿಡುವ ದತ್ತಿಯಾಗಿ) ಕೊಡುತ್ತಿದ್ದಾರೆ. ಗಡಿ ಎಲ್ಲಿಂದ ಎಲ್ಲಿಗೆ ಅನ್ನುವ ಮಾತೇ ಇಲ್ಲ. ಯಾರು ಆಳೆ, ಅಷ್ಟೇ.

ಎಡವುವ ಜಾಗಗಳು

ಹೊಸದಾಗಿ ಶಾಸನ ಓದಲು ಹೊರಟವರು ಬಿರುದುಗಳಲ್ಲಿ ಎಡವುವ ಜಾಗಗಳು ಹೆಚ್ಚುಕಡಿಮೆ ಗೊತ್ತಿರುವಂಥವೇ. ಒಂದು, ‘ಪುರವರಾಧೀಶ್ವರ’. ಹೊಯ್ಸಳರು ದ್ವಾರಾವತೀಪುರವರಾಧೀಶ್ವರರು ಎಂದ ಮಾತ್ರಕ್ಕೆ ಗುಜರಾತಿನ ದ್ವಾರಕೆಯನ್ನು ಆಳಿದರೆಂದಲ್ಲ, ತಾವು ಯದುವಂಶದವರು ಎಂದು ಹೇಳಿಕೊಳ್ಳುವ ರೀತಿ ಅದು. ಸವದತ್ತಿಯ ರಟ್ಟರು ಲತ್ತಲೂರಿನ ಹೆಸರು ಹೇಳುತ್ತಿದ್ದುದೂ, ಹಾನಗಲ್ಲಿನ ಕದಂಬರು ಬನವಾಸಿಯ ಹೆಸರು ಹೇಳುತ್ತಿದ್ದುದೂ ಇದೇ ಜಾತಿ. ವಿಜಯನಗರ ಕಾಲದ ಬೇಲೂರಿನ ನಾಯಕರು ‘ಮಣಿನಾಗಪುರವರಾಧೀಶ್ವರ’ರು. ಈ ಪದದ ಜಾಡು ಹಿಡಿದು ನಕ್ಷೆ ಬರೆದರೆ ಕೆಟ್ಟಿತು. ಎರಡನೆಯದು ನಾಡಿನ ಹಿಂದಿನ ಅಂಕಿ: ಗಂಗವಾಡಿ 96000, ನೊಳಂಬವಾಡಿ 32000, ಬನವಾಸಿ 12000. ಅವನ್ನು ಹಳ್ಳಿಗಳ ಎಣಿಕೆ ಎಂದುಕೊಂಡು ಕೂಡಿಸಲು ಹೋಗಬಾರದು. ಹೆಸರಿಗೆ ಅಂಟಿಕೊಂಡ ಅಂಕಿ ಅದು, ಆಳುವವರು ಬದಲಾದರೂ ಬದಲಾಗದೆ ಬರುತ್ತದೆ.

ಮೂರನೆಯದು ಇನ್ನೂ ಸೂಕ್ಷ್ಮ. ಒಡೆಯನ ಬಿರುದನ್ನು ಕೆಳಗಿನವನೂ ತೊಡುತ್ತಿದ್ದ. ತ್ರಿಭುವನಮಲ್ಲ ಆರನೇ ವಿಕ್ರಮಾದಿತ್ಯನ ಬಿರುದು, ಆದರೆ ವಿಷ್ಣುವರ್ಧನನ ಶಾಸನಗಳಲ್ಲಿ ‘ತ್ರಿಭುವನಮಲ್ಲ ತಲಕಾಡುಗೊಂಡ ಭುಜಬಳ ವೀರಗಂಗ’ ಎಂದು ಅದೇ ಬಿರುದು ಮತ್ತೆ ಬರುತ್ತದೆ. ಮೂರು ಲೋಕಕ್ಕೆ ಮಲ್ಲನಾದವನು ಸಾಮ್ರಾಟನಿರಬೇಕು ಎಂದು ಊಹಿಸಿದರೆ ತಿರುವುಮುರುವಾಗುತ್ತದೆ. ಅಲ್ಲಿ ಆ ಬಿರುದು ತೋರಿಸುವುದು ಅವನು ಯಾರ ಕಡೆಯವನು ಅನ್ನುವುದನ್ನು. ‘ಸಮಧಿಗತಪಂಚಮಹಾಶಬ್ದ’ವೂ ಹೀಗೆಯೇ. ಶೃಂಗ, ತಮ್ಮಟ, ಶಂಖ, ಭೇರಿ, ಜಯಘಂಟೆ ಎಂಬ ಐದು ವಾದ್ಯಗಳನ್ನು ಮುಂದೆ ಬಾರಿಸಿಕೊಂಡು ನಡೆಯುವ ಹಕ್ಕು ಎಂದು ಸಾಮಾನ್ಯವಾಗಿ ವಿವರಿಸುತ್ತಾರೆ. ಕೇಳಲು ಭಾರೀ ಮರ್ಯಾದೆ. ಆದರೆ ‘ಸಮಧಿಗತ’ ಎಂದರೆ ಪಡೆದುಕೊಂಡದ್ದು. ಪಡೆದುಕೊಂಡಿದ್ದಾನೆ ಎಂದರೆ ಕೊಟ್ಟವನೊಬ್ಬ ಇದ್ದಾನೆ. ಕಾಲಸೂಚನೆಯನ್ನೂ ಹಾರಿಸಬಾರದು. ಶಕವರ್ಷವಾದರೆ 78 ಕೂಡಿಸಿದರೆ ಇಸವಿ ಬಂತು, ಅದರಿಂದ ನಿಷ್ಠೆ ಗೊತ್ತಾಗುವುದಿಲ್ಲ. ಅದೇ ‘ಚಾಳುಕ್ಯ ವಿಕ್ರಮ ವರ್ಷ’ ಎಂದಿದ್ದರೆ 1076ರಿಂದ ಎಣಿಕೆ. ಆ ಊರಿನವರು ವರ್ಷವನ್ನು ಎಣಿಸುತ್ತಿದ್ದದ್ದೇ ಕಲ್ಯಾಣದ ಪಟ್ಟಾಭಿಷೇಕದಿಂದ.

ಇವೆಲ್ಲಕ್ಕಿಂತ ಹೆಚ್ಚು ಮೋಸ ಮಾಡುವುದು ಒಡೆದ ಕಲ್ಲು. ಮೇಲಿನ ಒಡೆಯನ ಸಾಲು ಇರುವುದು ಕಲ್ಲಿನ ಮೇಲ್ಭಾಗದಲ್ಲಿ. ಬೀಳುವಾಗ ಮುಕ್ಕಾಗುವುದು, ಮಳೆಗೆ ಸವೆಯುವುದು, ಅರಿಶಿನ ಕುಂಕುಮ ಎಣ್ಣೆ ಮೆತ್ತಿಸಿಕೊಳ್ಳುವುದು ಬಹಳ ಸಲ ಅದೇ ಭಾಗ. ಕೆಳಗಿನ ದಾನದ ಸಾಲುಗಳು ಮಣ್ಣಿನಲ್ಲಿ ಹೂತು ಚೆನ್ನಾಗಿ ಉಳಿದಿರುತ್ತವೆ. ಮೊದಲ ನಾಲ್ಕು ಸಾಲು ಹೋದ ಶಾಸನದಲ್ಲಿ ಎಂಥ ಸಾಮಂತನೂ ಸ್ವತಂತ್ರನಂತೆ ಕಾಣುತ್ತಾನೆ. ಆದ್ದರಿಂದ ಕಾಗದ ಒತ್ತಿ ಶಾಸನದ ಅಚ್ಚು ತೆಗೆಯುವಾಗ ಮೇಲ್ಭಾಗಕ್ಕೇ ಹೆಚ್ಚು ಹೊತ್ತು ಕೊಡಬೇಕು. ಮೊದಲು ತೆಂಗಿನ ನಾರು ಅಥವಾ ಗಟ್ಟಿ ಬ್ರಷ್ಷಿನಿಂದ ನೀರು ಹಾಕಿ ತೊಳೆಯುವುದು. ತಂತಿ ಬ್ರಷ್ಷು, ಆಸಿಡ್ಡು ಖಂಡಿತ ಬೇಡ. ಬಳಪದ ಕಲ್ಲು ಉಗುರಿಗೂ ಗೀರುಬೀಳುವಷ್ಟು ಮೆದು. ಒದ್ದೆ ಕಲ್ಲಿನ ಮೇಲೆ ನೀರು ಹೀರುವ ತೆಳು ಕಾಗದವನ್ನು ಗಾಳಿಗುಳ್ಳೆ ಬರದಂತೆ ಹಾಸಿ, ಉದ್ದ ಕೂದಲಿನ ಬ್ರಷ್ಷಿನಿಂದ ನಡುವಿನಿಂದ ಅಂಚಿಗೆ ತಟ್ಟುತ್ತ ಬಂದರೆ ಕಾಗದ ಅಕ್ಷರದ ಗುಂಡಿಗೆ ಇಳಿಯುತ್ತದೆ. ಅರೆಒಣಗಿದಾಗ ಬಟ್ಟೆ ಸುತ್ತಿದ ಒತ್ತುಗುಂಡಿಗೆಯಿಂದ ಮಸಿ. ಆತುರಪಟ್ಟು ಹಸಿಯಲ್ಲೇ ಮಸಿ ಒತ್ತಿದರೆ ಅದು ಗುಂಡಿಗೂ ಇಳಿದು ಎಲ್ಲ ಕಪ್ಪಾಗುತ್ತದೆ. ಪೂರ್ತಿ ಒಣಗಲು ಬಿಟ್ಟರೆ ಕಾಗದ ಎದ್ದುಬಂದು ಅಕ್ಷರ ಎರಡೆರಡಾಗಿ ಮೂಡುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈಹಾಕುವುದೇ ದಂಡ. ಅಚ್ಚು ತೆಗೆಯಲು ಪುರಾತತ್ವ ಇಲಾಖೆಯ ಅನುಮತಿ ಬೇಕು. ಅದಿಲ್ಲದವರು ಸಂಜೆ ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಒಂದು ಪಕ್ಕದಿಂದ, ಮೈಗೆ ತಾಗುವಷ್ಟು ಓರೆಯಾಗಿ ಹಿಡಿದು ಫೋಟೋ ತೆಗೆದರೂ ಸವೆದ ಅಕ್ಷರ ಮೇಲೆದ್ದು ಬರುತ್ತವೆ. ಎಡದಿಂದ ಒಂದು, ಬಲದಿಂದ ಒಂದು, ಮೇಲಿನಿಂದ ಒಂದು ತೆಗೆದು ಹೋಲಿಸಬೇಕು. ಒಂದೇ ದಿಕ್ಕಿನ ಬೆಳಕಿನಲ್ಲಿ ಅಡ್ಡಗೆರೆಯೋ ಉದ್ದಗೆರೆಯೋ ಒಂದು ಮುಚ್ಚಿಹೋಗುತ್ತದೆ.

ಅಚ್ಚಾದ ಪುಸ್ತಕ ನಂಬಿ ಕೂತರೂ ಅಪಾಯ ತಪ್ಪಿದ್ದಲ್ಲ. ಮೈಸೂರು ಸೀಮೆಯ ಶಾಸನಗಳನ್ನು ಕಲೆಹಾಕಿದ ಬಿ.ಎಲ್. ರೈಸ್ ಸಂಪಾದಿಸಿದ ಕಡೂರು (ಇಂದಿನ ಚಿಕ್ಕಮಗಳೂರು) ಜಿಲ್ಲೆಯ ಸಂಪುಟ 1901ರಲ್ಲಿ, ಹಾಸನದ್ದು 1902ರಲ್ಲಿ ಬಂತು. ಅವರ ದುಡಿಮೆಗೆ ಕೈಮುಗಿಯಬೇಕು. ಆದರೆ ಇಂಗ್ಲಿಷ್ ಅನುವಾದದಲ್ಲಿ ಬಿರುದುಗಳು ಬರುವ ಕಡೆ ‘ಎಂದಿನ ಬಿರುದುಗಳೊಂದಿಗೆ’ ಎಂಬ ಅರ್ಥದ ಒಂದು ಟಿಪ್ಪಣಿ ಹಾಕಿ ದಾಟಿಬಿಡುತ್ತಾರೆ. ನಮ್ಮ ಪ್ರಶ್ನೆಗೆ ಉತ್ತರ ಇರುವುದು ಆ ಟಿಪ್ಪಣಿಯ ಒಳಗೆ. ಮೂಲಪಾಠದ ಪುಟವನ್ನೇ ತೆಗೆದು ನೋಡದೆ ಬೇರೆ ದಾರಿಯಿಲ್ಲ.

ಕೊಡಲಿ ಇದ್ದ ಕಟ್ಟು

ಎಂಪೈರ್ ಎಂಬ ಮಾತು ಇಂಗ್ಲಿಷಿಗೆ ಬಂದದ್ದು ಹಳೆಯ ಫ್ರೆಂಚಿನಿಂದ, ಅದಕ್ಕೆ ಬಂದದ್ದು ಲ್ಯಾಟಿನ್ನಿನ ಇಂಪೇರಿಯಂನಿಂದ. ಇಂಪೇರಿಯಂ ಅಂದರೆ ಭೂಮಿಯಲ್ಲ, ಅಪ್ಪಣೆ ಕೊಡುವ ಅಧಿಕಾರ. ಇಂಪೆರಾರೆ ಎಂಬ ಕ್ರಿಯಾಪದಕ್ಕೆ ಆಜ್ಞಾಪಿಸು ಎಂದರ್ಥ, ಅದರೊಳಗಿರುವ ಪರಾರೆ ಅಂದರೆ ಅಣಿಮಾಡು. ರಾಜರಿಲ್ಲದ ಗಣರಾಜ್ಯ ರೋಮಿನಲ್ಲಿ ಈ ಅಧಿಕಾರ ಹಿರಿಯ ಚುನಾಯಿತ ಅಧಿಕಾರಿಗಳಾದ ಕಾನ್ಸಲ್‌ಗೆ, ಪ್ರೀಟರ್‌ಗೆ ಅವಧಿಯ ಮಟ್ಟಿಗೆ ಸಿಗುತ್ತಿತ್ತು. ಅದು ಕಣ್ಣಿಗೆ ಕಾಣುವ ವಸ್ತುವೂ ಆಗಿತ್ತು. ಕಾನ್ಸಲ್ ನಡೆಯುವಾಗ ಮುಂದೆ 12 ಜನ ಬೆಂಗಾವಲು ಸೇವಕರು, ಅಂದರೆ ಲಿಕ್ಟರ್‌ಗಳು ಬೆತ್ತದ ಕಟ್ಟು ಹೊತ್ತು ಸಾಲಾಗಿ ನಡೆಯುತ್ತಿದ್ದರು, ತುರ್ತಿಗೆ ನೇಮಕವಾದ ಡಿಕ್ಟೇಟರ್‌ಗಾದರೆ 24. ಬೆತ್ತ ಹೊಡೆಯುವುದಕ್ಕೆ, ಅದರ ನಡುವೆ ಸಿಕ್ಕಿಸಿದ ಕೊಡಲಿ ತಲೆ ತೆಗೆಯುವುದಕ್ಕೆ. ನಗರದ ಪವಿತ್ರ ಎಲ್ಲೆಯೊಳಗೆ ಬರುವಾಗ ಕೊಡಲಿಯನ್ನು ಬಿಚ್ಚಿಡಬೇಕಿತ್ತು, ಏಕೆಂದರೆ ಊರೊಳಗಿನ ಪ್ರಜೆಗೆ ಮೇಲ್ಮನವಿಯ ಹಕ್ಕಿತ್ತು. ಹೊರಗೆ, ದಂಡಿನಲ್ಲಿ, ಕೊಡಲಿ ಮತ್ತೆ ಕಟ್ಟಿಗೆ ಸೇರುತ್ತಿತ್ತು. ಪಂಚಮಹಾಶಬ್ದಕ್ಕೂ ಇದಕ್ಕೂ ನೆಂಟಸ್ತಿಕೆಯಿಲ್ಲ, ಆದರೆ ಕೆಲಸ ಒಂದೇ: ಬರುವವನು ಎಷ್ಟನೆಯ ಮೆಟ್ಟಿಲಿನವನು ಅನ್ನುವುದು ದೂರದಿಂದಲೇ ತಿಳಿಯಬೇಕು. ಅಲ್ಲಿ ಎಣಿಸಿ, ಇಲ್ಲಿ ಕೇಳಿ.

ಇಂಪೆರಾಟರ್ ಎಂಬುದೂ ಮೊದಲಿಗೆ ಪದವಿಯಲ್ಲ. ಗೆದ್ದ ಸೇನಾಪತಿಯನ್ನು ಸೈನಿಕರು ರಣರಂಗದಲ್ಲಿ ಕೂಗಿ ಕರೆಯುತ್ತಿದ್ದ ಹೆಸರು. ಆಗಸ್ಟಸ್ ಅದನ್ನು ತನ್ನ ಹೆಸರಿನ ಮೊದಲ ಭಾಗವನ್ನಾಗಿಯೇ ಇಟ್ಟುಕೊಂಡ. ಅವನ ಕಾಲದಲ್ಲೂ ರಾಜ್ಯದ ಹೆಸರು ರೆಸ್ ಪುಬ್ಲಿಕಾ, ಅಂದರೆ ಸಾರ್ವಜನಿಕ ವಿಷಯ, ಎಂದೇ ಉಳಿಯಿತು. ಗಣರಾಜ್ಯವನ್ನು ಮುಗಿಸಿದವನು ಗಣರಾಜ್ಯವನ್ನು ಮರಳಿ ಒಪ್ಪಿಸಿದೆ ಎಂದು ಕಂಚಿನಲ್ಲಿ ಕೊರೆಸಿದ. ಅಪ್ಪಣೆ ನಡೆಯುವಷ್ಟು ದೂರ ಎಂಬ ಅರ್ಥದಲ್ಲಿ ಇಂಪೇರಿಯಂ ನಿಧಾನವಾಗಿ ನೆಲಕ್ಕೆ ಇಳಿದು, ಕೊನೆಗೆ ನಕ್ಷೆಯ ಬಣ್ಣವಾಯಿತು.

ಜೀವ ತೆಗೆಯುವ ಕೊಡಲಿಯ ಮಾತು ಬಂದಾಗ ಹಳೇಬೀಡಿನ ಒಂದು ಕಂಬದ ಮುಂದೆ ನಿಲ್ಲಬೇಕು. ಹೊಯ್ಸಳೇಶ್ವರದ ಆವರಣದ ದಕ್ಷಿಣ ಭಾಗದಲ್ಲಿರುವ ಈ ಗರುಡಗಂಬದ ಹತ್ತಿರ ಹೆಚ್ಚಿನವರು ಸುಳಿಯುವುದಿಲ್ಲ. ಗೈಡು ಭಿತ್ತಿಯ ರಾಮಾಯಣ ಮುಗಿಸುವ ಹೊತ್ತಿಗೆ ಬಸ್ಸು ಹಾರನ್ ಹೊಡೆಯುತ್ತಿರುತ್ತದೆ. ಎರಡನೇ ವೀರಬಲ್ಲಾಳನ ದಂಡನಾಯಕ ಕುವರಲಕ್ಷ್ಮ ಅವನ ಗರುಡನಾಗಿದ್ದವನು. ಗರುಡ, ಲೆಂಕ, ವೇಳೆವಾಳಿ ಅಂದರೆ ದೊರೆ ಸತ್ತರೆ ತಾನೂ ಸಾಯುತ್ತೇನೆಂದು ಭಾಷೆ ಕೊಟ್ಟವರು. 1220ರಲ್ಲಿ ಬಲ್ಲಾಳ ತೀರಿಕೊಂಡಾಗ ಕುವರಲಕ್ಷ್ಮ, ಹೆಂಡತಿ ಸುಗ್ಗಲದೇವಿ ಮತ್ತು ಅವನ ಲೆಂಕರು ಆ ಭಾಷೆಯನ್ನು ಪಾಲಿಸಿದರು. ಕಂಬದ ಪಟ್ಟಿಯಲ್ಲಿ ಕತ್ತಿ ಹಿಡಿದು ತಮ್ಮ ತಲೆಯನ್ನು ತಾವೇ ಕತ್ತರಿಸಿಕೊಳ್ಳುತ್ತಿರುವ ಸಣ್ಣ ಸಣ್ಣ ಆಕೃತಿಗಳಿವೆ. ಒಂದೊಂದು ಆಕೃತಿಯ ಕಾಲಿನ ನಿಲುವು ಬೇರೆ, ಕತ್ತಿ ಹಿಡಿದ ಕೋನ ಬೇರೆ. ಕೆತ್ತಿದವನು ಬೇಜಾರಿಲ್ಲದೆ ಕೆತ್ತಿದ್ದಾನೆ. ರೋಮಿನಲ್ಲಿ ಕೊಡಲಿ ಆಜ್ಞಾಪಿಸುವವನ ಮುಂದೆ ಹೋಗುತ್ತಿತ್ತು. ಇಲ್ಲಿ ಆಜ್ಞೆ ಪಾಲಿಸುವವರ ಕೈಯಲ್ಲೇ ಇದೆ. ಯಾವುದು ಹೆಚ್ಚು ಪೂರ್ಣವಾದ ಆಳ್ವಿಕೆ ಎಂದು ಕೇಳಿದರೆ ನನಗೆ ಉತ್ತರ ಹೇಳಲು ಹಿಂಜರಿಕೆಯಾಗುತ್ತದೆ.

ಅರಸರಿಗೆ ಅಪ್ಪಣೆ ಕೊಡುವವನು

ಸಂಸ್ಕೃತದ ದಾರಿ ಬೇರೆ, ತಲುಪುವ ಜಾಗ ಹತ್ತಿರ. ಸಮ್ರಾಜ್ ಎಂಬುದು ಋಗ್ವೇದದಲ್ಲಿ ಮನುಷ್ಯರಿಗಿಂತ ವರುಣ, ಇಂದ್ರರಿಗೆ ಸಲ್ಲುವ ವಿಶೇಷಣ. ಐತರೇಯ ಬ್ರಾಹ್ಮಣದ ಇಂದ್ರಮಹಾಭಿಷೇಕದ ಭಾಗದಲ್ಲಿ ದಿಕ್ಕಿಗೊಂದರಂತೆ ಆಳ್ವಿಕೆಗಳಿವೆ: ಪೂರ್ವದಲ್ಲಿ ಸಾಮ್ರಾಜ್ಯ, ದಕ್ಷಿಣದಲ್ಲಿ ಭೌಜ್ಯ, ಪಶ್ಚಿಮದಲ್ಲಿ ಸ್ವಾರಾಜ್ಯ, ಉತ್ತರದಲ್ಲಿ ವೈರಾಜ್ಯ, ನಡುವೆ ಬರೀ ರಾಜ್ಯ. ಆ ಪ್ರಕಾರ ನಮ್ಮ ದಕ್ಷಿಣಕ್ಕೆ ಸಾಮ್ರಾಜ್ಯವೇ ಇಲ್ಲ, ಭೌಜ್ಯ ಮಾತ್ರ! ಶತಪಥ ಬ್ರಾಹ್ಮಣದಲ್ಲಿ ಮಾನದಂಡ ಯಜ್ಞ. ರಾಜಸೂಯ ಮಾಡಿದವನು ರಾಜ, ವಾಜಪೇಯ ಮಾಡಿದವನು ಸಮ್ರಾಟ. ಅಮರಕೋಶಕ್ಕೆ ಬರುವ ಹೊತ್ತಿಗೆ ಮೂರು ಲಕ್ಷಣಗಳು ಒಟ್ಟು ಸೇರಿವೆ. ರಾಜಸೂಯ ಮಾಡಿರಬೇಕು, ಮಂಡಲಕ್ಕೆ ಈಶ್ವರನಾಗಿರಬೇಕು, ಮತ್ತು ‘ಶಾಸ್ತಿ ಯಶ್ಚಾಜ್ಞಯಾ ರಾಜ್ಞಃ’, ಯಾರು ತನ್ನ ಆಜ್ಞೆಯಿಂದ ರಾಜರನ್ನು ಆಳುತ್ತಾನೋ ಅವನು ಸಮ್ರಾಟ. ಪ್ರಜೆಗಳನ್ನಲ್ಲ, ರಾಜರನ್ನು. ಎಷ್ಟು ಯೋಜನ ಭೂಮಿ ಎಂದು ಅಮರಸಿಂಹ ಕೇಳುವುದಿಲ್ಲ. ಲ್ಯಾಟಿನ್ನಿನ ಅಪ್ಪಣೆಯೂ ಈ ಆಜ್ಞೆಯೂ ಒಂದಕ್ಕೊಂದು ಗೊತ್ತಿಲ್ಲದೆ ಒಂದೇ ಕಡೆ ಕೂತಿವೆ.

ಇದನ್ನು ಹಿಡಿದುಕೊಂಡರೆ ಸಾಮಂತ ಎಂಬ ಪದದ ಅಲೆದಾಟವೂ ಅರ್ಥವಾಗುತ್ತದೆ. ಅರ್ಥಶಾಸ್ತ್ರದಲ್ಲಿ ಸಾಮಂತ ಅಂದರೆ ಪಕ್ಕದ ಗಡಿಯ ಅರಸ, ನೆರೆಯವನು. ಮುಂದಿನ ಶತಮಾನಗಳಲ್ಲಿ ಅವನೇ ಅಡಿಯಾಳು. ಅವನ ನೆಲ ಅಲ್ಲೇ ಇದೆ, ಅರಮನೆ ಅಲ್ಲೇ ಇದೆ, ಸೈನ್ಯವೂ ಅವನದೇ. ಬದಲಾದದ್ದು ಕಲ್ಲಿನ ಮೇಲಿನ ಒಂದು ಸಾಲು.

1192 ಮತ್ತು 1533

ವಿಷ್ಣುವರ್ಧನ ಆ ಸಾಲನ್ನು ಅಳಿಸಲು ಹೊರಟವನೇ. 1118ರಲ್ಲಿ ಹನ್ನೆರಡು ಸಾಮಂತರೊಡನೆ ಕಣ್ಣೇಗಾಲದಲ್ಲಿ ಬೀಡುಬಿಟ್ಟಿದ್ದ ಚಾಳುಕ್ಯ ಸೇನೆಯ ಮೇಲೆ ಅವನ ದಂಡನಾಯಕ ಗಂಗರಾಜ ರಾತ್ರಿ ಎರಗಿ, ಸಾಮಗ್ರಿ ವಾಹನಗಳನ್ನೆಲ್ಲ ದೋಚಿ ತಂದು ದೊರೆಗೆ ಒಪ್ಪಿಸಿದ್ದನ್ನು, ಮೆಚ್ಚಿದ ದೊರೆಯಿಂದ ಪರಮ ಎಂಬ ಊರನ್ನು ಪಡೆದು ಜಿನಪೂಜೆಗೆ ಬಿಟ್ಟದ್ದನ್ನು ಶ್ರವಣಬೆಳಗೊಳದ ಶಾಸನ ಹೇಳುತ್ತದೆ. ಅವನ ಚಿನ್ನದ ನಾಣ್ಯಗಳ ಮೇಲೆ ಕನ್ನಡದಲ್ಲಿ ‘ಶ್ರೀ ತಲಕಾಡುಗೊಂಡ’, ‘ಶ್ರೀ ನೊಳಂಬವಾಡಿಗೊಂಡ’ ಎಂದಿದೆ. ಹಲವು ಶಾಸನಗಳಲ್ಲಿ ಚಾಳುಕ್ಯನ ಸಾಲೇ ಇಲ್ಲ. ಆದರೂ ಮಹಾಮಂಡಳೇಶ್ವರ ಮಾತ್ರ ಉಳಿದುಕೊಂಡಿತು. ಮೇಲಿನವನ ಹೆಸರು ಹೋಯಿತು, ಕೆಳಗಿನವನೆಂಬ ಗುರುತು ಹೋಗಲಿಲ್ಲ. ಇದು ಕಲ್ಲುಕುಟಿಗನ ಅಭ್ಯಾಸಬಲ ಎನ್ನುವುದಕ್ಕಿಂತ ರಾಜಕೀಯದ ಹದ ಎನ್ನುವುದು ಸರಿ. ಬಾಯಿಬಿಟ್ಟು ಮಹಾರಾಜಾಧಿರಾಜ ಎಂದುಕೊಂಡರೆ ಕಲ್ಯಾಣದಿಂದ ಮತ್ತೊಂದು ದಂಡು ಬರುತ್ತದೆ. ಸುಮ್ಮನೆ ಹೆಸರು ಬಿಟ್ಟರೆ ಎರಡೂ ಕಡೆಯವರು ಕಂಡೂ ಕಾಣದಂತಿರಬಹುದು.

ಆ ಹದ ಮುರಿದದ್ದು ಮೊಮ್ಮಗನ ಕಾಲಕ್ಕೆ. ಚಾಳುಕ್ಯರು ಕುಸಿದು, ಉತ್ತರದಿಂದ ದೇವಗಿರಿಯ ಸೇವುಣರ ಭಿಲ್ಲಮ ಇಳಿದು ಬಂದು, ಸೊರಟೂರಿನಲ್ಲಿ ಅವನನ್ನು ಸೋಲಿಸಿದ ಮೇಲೆ ಎರಡನೇ ಬಲ್ಲಾಳ ಚಾಳುಕ್ಯರ ಇಡೀ ಸಾಲನ್ನು ಎತ್ತಿ ತನ್ನ ಹೆಸರಿಗೆ ಹಾಕಿಕೊಂಡ: ಸಮಸ್ತಭುವನಾಶ್ರಯ, ಶ್ರೀಪೃಥ್ವೀವಲ್ಲಭ, ಮಹಾರಾಜಾಧಿರಾಜ, ಪರಮೇಶ್ವರ. ಜೊತೆಗೆ ಹೊಸದೊಂದು, ‘ಪ್ರತಾಪಚಕ್ರವರ್ತಿ’. 1192ರ ಗದಗಿನ ಶಾಸನದ ಹೊತ್ತಿಗೆ ಈ ರೂಪ ನೆಲೆಗೊಂಡಿದೆ. ಗಮನಿಸಬೇಕಾದ್ದು, ಅವನು ಹೊಸ ಬಿರುದಾವಳಿಯನ್ನು ಕವಿಗಳಿಂದ ಕಟ್ಟಿಸಲಿಲ್ಲ. ಖಾಲಿಯಾಗಿದ್ದ ಮೇಲಿನ ಸಾಲಿಗೆ ಹತ್ತಿ ಕೂತ. ಓದುವವರಿಗೆ ಅದು ಯಾವ ಸಾಲು ಎಂದು ನೂರಾರು ವರ್ಷಗಳಿಂದ ಗೊತ್ತಿತ್ತು, ವಿವರಣೆ ಬೇಕಿರಲಿಲ್ಲ.

ಇಂಗ್ಲೆಂಡಿನ ಎಂಟನೇ ಹೆನ್ರಿ 1533ರಲ್ಲಿ ಮಾಡಿಸಿದ ಮೇಲ್ಮನವಿ ನಿರ್ಬಂಧದ ಕಾಯಿದೆಯಲ್ಲಿ ‘ಇಂಗ್ಲೆಂಡ್ ಎಂಬ ಈ ರಾಜ್ಯ ಒಂದು ಎಂಪೈರ್’ ಎಂಬ ಮಾತು ಬರುತ್ತದೆ. ಆಗ ಅವನ ಬಳಿ ವಸಾಹತುಗಳ ಸಾಮ್ರಾಜ್ಯವೇನೂ ಇರಲಿಲ್ಲ. ಬೇಕಾಗಿದ್ದದ್ದು ಮದುವೆ ರದ್ದು, ಮತ್ತು ಆ ವ್ಯಾಜ್ಯ ರೋಮಿನ ಪೋಪನ ಹತ್ತಿರ ಹೋಗದಂತೆ ತಡೆ. ಎಂಪೈರ್ ಎಂದರೆ ತನ್ನ ಮೇಲೆ ಯಾರೂ ಇಲ್ಲದ ರಾಜ್ಯ, ಇಲ್ಲಿನ ತೀರ್ಪೇ ಕೊನೆ ಎಂದರ್ಥ. ಸೊರಟೂರಿನ ಯುದ್ಧಕ್ಕೂ ಲಂಡನ್ನಿನ ಕಾಯಿದೆಗೂ ನಡುವೆ ಮೂರೂವರೆ ಶತಮಾನ, ಅರ್ಧ ಭೂಮಿಯ ಅಂತರ. ಆದರೂ ಇಬ್ಬರೂ ಮಾಡಿದ್ದು ಮೇಲಿನ ಸಾಲಿನ ವಿಲೇವಾರಿ.

ನೆಲ ಹೋದ ಮೇಲೂ ಉಳಿಯುವುದು, ನೆಲ ಬಂದ ಮೇಲೂ ಬಾರದಿರುವುದು

ದೊಡ್ಡದು ಎಂಬ ಅರ್ಥವೇ ಮೂಲವಾಗಿದ್ದರೆ ಚಿಕ್ಕದಾದಾಗ ಪದವಿ ಇಳಿಯಬೇಕಿತ್ತು. 1311ರಲ್ಲಿ ದೆಹಲಿ ಸುಲ್ತಾನನ ಸೇನಾಪತಿ ಮಲಿಕ್ ಕಾಫರ್ ದೋರಸಮುದ್ರಕ್ಕೆ ಬಂದು ಹೋದ ಮೇಲೂ ಮೂರನೇ ಬಲ್ಲಾಳ ಪ್ರತಾಪಚಕ್ರವರ್ತಿಯೇ. ಕಾನ್‌ಸ್ಟಾಂಟಿನೋಪಲಿನ ದೊರೆ 1453ರಲ್ಲಿ ಒಂದು ಊರು, ಗ್ರೀಸಿನ ಒಂದು ಮೂಲೆ ಇಟ್ಟುಕೊಂಡೂ ರೋಮನ್ನರ ಸಾರ್ವಭೌಮ.

ಇದಕ್ಕೆ ತದ್ವಿರುದ್ಧವಾದದ್ದು ಶ್ರವಣಬೆಳಗೊಳದಲ್ಲಿದೆ. ಜೈನರಿಗೂ ಶ್ರೀವೈಷ್ಣವರಿಗೂ ವ್ಯಾಜ್ಯ ಬಂದಾಗ ವಿಜಯನಗರದ ಬುಕ್ಕರಾಯ ಇಬ್ಬರ ಕೈಯನ್ನೂ ಸೇರಿಸಿ ತೀರ್ಮಾನ ಮಾಡಿದ 1368ರ ಶಾಸನ ಎಲ್ಲರಿಗೂ ಗೊತ್ತು. ಅದರ ತೀರ್ಪನ್ನೇ ಎಲ್ಲರೂ ಉದ್ಧರಿಸುತ್ತಾರೆ, ಮೊದಲ ಸಾಲುಗಳನ್ನು ಓದುವವರು ಕಡಿಮೆ. ‘ಶ್ರೀಮನ್ಮಹಾಮಂಡಳೇಶ್ವರಂ ಅರಿರಾಯವಿಭಾಡ ಭಾಷೆಗೆ ತಪ್ಪುವ ರಾಯರ ಗಂಡ ಶ್ರೀವೀರಬುಕ್ಕರಾಯನು ಪೃಥ್ವೀರಾಜ್ಯವ ಮಾಡುವ ಕಾಲದಲ್ಲಿ’. ಮಹಾಮಂಡಳೇಶ್ವರ! ಅಷ್ಟು ಹೊತ್ತಿಗೆ ಹೊಯ್ಸಳರೇ ಇಲ್ಲ. ಕೆಳಗಿನವನೆಂದು ಹೇಳಿಕೊಳ್ಳಲು ಮೇಲೆ ಯಾರೂ ಇಲ್ಲ. ತೀರ್ಪು ಕೊಡುವ ಅಧಿಕಾರ ಅವನದು, ಪೃಥ್ವೀರಾಜ್ಯವನ್ನೂ ಮಾಡುತ್ತಿದ್ದಾನೆ, ಆದರೂ ಬಿರುದು ಎರಡನೇ ಮೆಟ್ಟಿಲಿನದು. ಮಹಾರಾಜಾಧಿರಾಜ ರಾಜಪರಮೇಶ್ವರ ಸಲೀಸಾಗಿ ಬರುವುದು ಮಗ ಎರಡನೇ ಹರಿಹರನ ಕಾಲಕ್ಕೆ. ನಾವು ಪಠ್ಯದಲ್ಲಿ 1336ರಲ್ಲಿ ಸಾಮ್ರಾಜ್ಯ ಸ್ಥಾಪನೆ ಎಂದು ಒಂದೇ ಸಾಲಿನಲ್ಲಿ ಬರೆದು ಮುಗಿಸುತ್ತೇವೆ. 1900ರಲ್ಲಿ ರಾಬರ್ಟ್ ಸೀವೆಲ್ ವಿಜಯನಗರದ ಮೇಲೆ ಬರೆದ ಪುಸ್ತಕದ ಹೆಸರಿನಲ್ಲೇ ಎಂಪೈರ್ ಇತ್ತು. ಅಲ್ಲಿಂದ ಮುಂದೆ ಆ ಪದ ಬಿಟ್ಟು ವಿಜಯನಗರವನ್ನು ಯೋಚಿಸುವುದೇ ಕಷ್ಟವಾಯಿತು. ‘ಪೃಥ್ವೀಸಾಮ್ರಾಜ್ಯಂ ಗೆಯ್ಯುತ್ತಿರಲು’ ಎಂಬ ಪಾಠ ವಿಜಯನಗರದ ಮತ್ತು ಅದರ ನಂತರದ ಶಾಸನಗಳಲ್ಲಿ ಇದ್ದೇ ಇದೆ, ಪದ ಹೊರಗಿನಿಂದ ಬಂದದ್ದಲ್ಲ. ಆದರೆ ಅಲ್ಲಿ ಸಾಮ್ರಾಜ್ಯ ಎಂಬುದು ದೊರೆ ಗೆಯ್ಯುವ ಕೆಲಸ. ನಕ್ಷೆಯಲ್ಲಿ ಬಣ್ಣ ಹಚ್ಚಿದ ಜಾಗ ಆದದ್ದು ಆಮೇಲೆ.

ಈ ಪದವನ್ನು ಕೈಯಲ್ಲಿ ಹಿಡಿದು ನೋಡಬೇಕೆಂದರೆ ಹಳೇ ಮನೆಗಳ ಪೆಟ್ಟಿಗೆಯಲ್ಲಿರುವ ಬೆಳ್ಳಿ ರೂಪಾಯಿ ಸಾಕು. 1862ರ ರೂಪಾಯಿಯ ಮೇಲೆ ವಿಕ್ಟೋರಿಯಾ ಕ್ವೀನ್. 1877ರಿಂದ ವಿಕ್ಟೋರಿಯಾ ಎಂಪ್ರೆಸ್. ತೂಕ ಅದೇ 11.66 ಗ್ರಾಂ, ಬೆಳ್ಳಿಯ ಹದ ಅದೇ 12ಕ್ಕೆ 11 ಪಾಲು, ಮುಖವೂ ಕಿರೀಟವೂ ಹೆಚ್ಚುಕಡಿಮೆ ಅವೇ. 1876ರ ಕಾಯಿದೆಯಿಂದ ಬದಲಾದದ್ದು ಒಂದು ಪದ. ತಾಯ್ನಾಡಿನಲ್ಲಿ ರಾಣಿ, ಇಲ್ಲಿ ಮಾತ್ರ ಚಕ್ರವರ್ತಿನಿ, ಏಕೆಂದರೆ ಇಲ್ಲಿ ಅವಳ ಕೆಳಗೆ ಮೈಸೂರಿನಂಥ ರಾಜರಿದ್ದರು. ಅಮರಕೋಶದ ಮೂರನೇ ಲಕ್ಷಣ ಅಕ್ಷರಶಃ! ಭಾರತದ ಚಕ್ರವರ್ತಿ ಎಂಬ ಆ ಬಿರುದು 1948ರ ಜೂನಿನಲ್ಲಿ ಅಧಿಕೃತವಾಗಿ ಹೋಯಿತು, ಬ್ರಿಟನ್ನಿನ ನಾಣ್ಯಗಳಿಂದ 1949ರಲ್ಲಿ.

2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೋ ಬೇಲೂರು, ಹಳೇಬೀಡು, ಸೋಮನಾಥಪುರಗಳನ್ನು ಪಟ್ಟಿಗೆ ಸೇರಿಸಿದಾಗ ಕೊಟ್ಟ ಹೆಸರಿನಲ್ಲಿ ಎಂಪೈರ್ ಇಲ್ಲ, ಹೊಯ್ಸಳರ ಪವಿತ್ರ ದೇಗುಲ ಸಮುಚ್ಚಯ ಎಂಬರ್ಥದ ಹೆಸರು. ಬೇಕೆಂದೇ ಬಿಟ್ಟರೋ ಇಲ್ಲವೋ, ಮೂರೂ ದೇಗುಲಗಳಿಗೆ ಒಪ್ಪುವ ಹೆಸರು ಅದೇ. ಬೇಲೂರು, ಹಳೇಬೀಡುಗಳು ಎದ್ದದ್ದು ಮಹಾಮಂಡಳೇಶ್ವರನ ಕಾಲದಲ್ಲಿ. 13ನೇ ಶತಮಾನದ ಸೋಮನಾಥಪುರ ಚಕ್ರವರ್ತಿಗಳ ಕಾಲದ್ದಾದರೂ ಕಟ್ಟಿಸಿದವನು ದಂಡನಾಯಕ ಸೋಮನಾಥ.

ಇನ್ನು ಶೃಂಗೇರಿ. 1346ರಲ್ಲಿ ವಿಜಯನಗರದ ಹರಿಹರ ತಮ್ಮಂದಿರೊಡನೆ ಅಲ್ಲಿಗೆ ಹೋಗಿ ಭಾರತೀತೀರ್ಥರಿಗೆ ಭೂಮಿ ಬಿಟ್ಟ ಶಾಸನವಿದೆ. ಮಠದ ಗುರುಗಳ ಬಿರುದಾವಳಿಯಲ್ಲಿ ‘ಕರ್ಣಾಟಕ ಸಿಂಹಾಸನ ಪ್ರತಿಷ್ಠಾಪನಾಚಾರ್ಯ’ ಎಂಬುದು ಈಗಲೂ ಸೇರಿದೆ. ಇದಕ್ಕೂ ನೂರು ವರ್ಷ ಹಿಂದೆ, ಪಲ್ಲವ ಕೋಪ್ಪೆರುಂಜಿಂಗನ ಸೆರೆಯಿಂದ ಚೋಳನನ್ನು ಬಿಡಿಸಿದ ಹೊಯ್ಸಳ ದೊರೆ ಎರಡನೇ ನರಸಿಂಹ ‘ಚೋಳರಾಜ್ಯಪ್ರತಿಷ್ಠಾಪನಾಚಾರ್ಯ’ ಎನಿಸಿಕೊಂಡಿದ್ದ. ತಾನೇ ಚಕ್ರವರ್ತಿಯಾದವನು ಅದರ ಮೇಲೊಂದು ಮೆಟ್ಟಿಲು ಕಂಡುಕೊಂಡಿದ್ದ: ಇನ್ನೊಬ್ಬನನ್ನು ಸಿಂಹಾಸನದಲ್ಲಿ ಕೂರಿಸುವವನು. 800ನೇ ಇಸವಿಯ ಕ್ರಿಸ್‌ಮಸ್ ದಿನ ರೋಮಿನಲ್ಲಿ ಶಾರ್ಲಮನ್ನನ ತಲೆಗೆ ಕಿರೀಟ ಇಟ್ಟ ಪೋಪನ ಹಕ್ಕು ಇಂಥದ್ದೇ, ಮುಂದೆ ಅಲ್ಲಿನ ಪೋಪರೂ ಚಕ್ರವರ್ತಿಗಳೂ ಶತಮಾನಗಟ್ಟಲೆ ಜಗಳವಾಡಿದ್ದು ಇದರ ಮೇಲೆಯೇ. 1804ರಲ್ಲಿ ನೆಪೋಲಿಯನ್ ಪೋಪನನ್ನು ಪ್ಯಾರಿಸ್ಸಿಗೆ ಕರೆಸಿ, ಎದುರಿಗೆ ಕೂರಿಸಿಕೊಂಡು, ಕಿರೀಟವನ್ನು ತಾನೇ ಎತ್ತಿ ತಲೆಗೆ ಇಟ್ಟುಕೊಂಡ.